ಮುಚ್ಚಳಕ್ಕೆ ಕಟ್ಟಿದ ಲಾಡಿ

ಹನಿ ಬೀಳಲಿಲ್ಲ, ಇಷ್ಟು ಹೊತ್ತು ಕಣ್ಣು ನೆಟ್ಟು ಕೂತರೂ ಒಂದು ಹನಿ ಬೀಳಲಿಲ್ಲ, ಲಾರಿಯ ಮೂತಿಯ ಕೆಳಗೆ ನೆಲ ಒಣಗಿದ್ದು ಒಣಗಿದಂತೆಯೇ ಇದೆ, ಹಳೆಯ ಡೀಸೆಲ್ ಕಲೆಯನ್ನು ಬಳಸಿಕೊಂಡು ಒಂದು ಇರುವೆ ಹೋಗುತ್ತಿದೆ, ಈ ಬಿಸಿಲಿನಲ್ಲಿ ನೀರು ಸೋರಿದ್ದರೆ ಇರುವೆಗಳೆಲ್ಲ ಇಲ್ಲಿಯೇ ಸಂತೆ ನೆರೆಯುತ್ತಿದ್ದವು, ಎಂದುಕೊಂಡಳು ರಂಜಾನಬಿ, ಆಮೇಲೆ ತನ್ನ ಬುದ್ಧಿಗೆ ತಾನೇ ನಾಚಿದಳು — ರೇಡಿಯೇಟರಿನಲ್ಲಿ ನೀರೇ ಇಲ್ಲ, ನಿನ್ನೆಯೇ ಕುದಿದು ಆರಿಹೋಗಿದೆ, ಸೋರುವುದಕ್ಕೆ ಉಳಿದಿರುವುದೇನು. ಆದರೂ ಕಣ್ಣು ಅಲ್ಲಿಗೇ ಹೋಗುತ್ತದೆ, ತಿಂಗಳುಗಟ್ಟಲೆ ಈ ಲಾರಿಯ ಕೆಳಗೆ ಬಗ್ಗಿ ಬಗ್ಗಿ ನೋಡಿದ ಕಣ್ಣು, ಮನೆಯ ಮುಂದೆ, ಮಾನ್ವಿಯ ಮಿಲ್ಲಿನ ಅಂಗಳದಲ್ಲಿ, ರಾಯಚೂರಿನ ಗಂಜ್ ಮಾರುಕಟ್ಟೆಯ ಗೇಟಿನ ಬಳಿ, ಏನು ಕಳೆದುಕೊಂಡಳೋ ಈಕೆ ಅಂತ ನೆರೆಯ ಹೆಂಗಸರು ನಗುವಷ್ಟು ಬಗ್ಗಿ ನೋಡಿದ ಕಣ್ಣು. ಗ್ಯಾರೇಜಿನ ತಗಡಿನ ಮಾಡು ಬಿಸಿಲಿಗೆ ಟಿಕ್ ಟಿಕ್ ಅನ್ನುತ್ತಿದೆ, ಮೇಸ್ತ್ರಿ ಅಮೀರ್ ಸಾಬ ಬಾನೆಟ್ಟಿನ ಒಳಗೆ ಅರ್ಧ ಮೈ ತೂರಿಸಿಕೊಂಡು ಇಂಜಿನ್ನಿನ ಹೆಡ್ ಬಿಚ್ಚುತ್ತಿದ್ದಾನೆ, ಒಂದೊಂದು ನಟ್ಟೂ ಚೀರಿ ಸಡಿಲಾಗುತ್ತದೆ, ಆ ಚೀರು ಅವಳ ಹಲ್ಲಿನ ಬುಡಕ್ಕೆ ಮುಟ್ಟುತ್ತದೆ, ಅತ್ತ ಬೇವಿನ ಮರದ ನೆರಳಿನಲ್ಲಿ ಗಡಿಗೆಪ್ಪ ಮೊಣಕಾಲಿಗೆ ಕೈಕಟ್ಟಿ ಕೂತಿದ್ದಾನೆ, ಲಾರಿಯ ಡ್ರೈವರು, ಗಬ್ಬೂರಿನವನು, ಅವಳ ಗಂಡ ವಲಿ ಪಾಷಾ ಬದುಕಿದ್ದಾಗ ಅವನ ಬಲಗೈಯಾಗಿದ್ದವನು, ಬೆಳಗಿನಿಂದ ಈ ಕಡೆ ತಲೆಯೆತ್ತಿಲ್ಲ, ತಪ್ಪು ಮಾಡದವನು ಮುಖ ತಪ್ಪಿಸುವುದು ಯಾಕೆ. ನೋಡೋಣ, ಹೆಡ್ ಬಿಚ್ಚಲಿ, ಒಳಗೆ ಏನೂ ಕೆಟ್ಟಿಲ್ಲ ಅಂತಾದರೆ ನೀರು ಇಳಿಸಿದವನು ಹೊರಗೇ ಇದ್ದಾನೆ ಅಂತ ತಾನೇ ಅರ್ಥ, ಆಗ ಅವನ ಕೈಯಿಂದ ಕೀಲಿ ಇಸಿದುಕೊಳ್ಳುವುದು, ಮಧ್ಯಾಹ್ನಕ್ಕೆ ಭಾವ ಮಹಮ್ಮದ್ ಹುಸೇನ್ ಬರುತ್ತಾನೆ, ಅವನೂ ಅದನ್ನೇ ಹೇಳಿದ್ದಾನೆ, ಕೀಲಿ ಯಾರ ಕೈಯಲ್ಲಿರಬೇಕು ಅನ್ನುವುದು ಇವತ್ತು ಇತ್ಯರ್ಥವಾಗಬೇಕು.

ಶುರುವಾದದ್ದು ಸಂಕ್ರಾಂತಿಯ ಚಳಿಯಲ್ಲಿ, ಮಾನ್ವಿಯಿಂದ ಭತ್ತ ಹೇರಿಕೊಂಡು ಬಂದವನು ಮನೆಯ ಮುಂದೆ ಗಾಡಿ ನಿಲ್ಲಿಸಿ, ಯಕ್ಕಾ, ರೇಡಿಯೇಟರ್ ನೀರು ಇಳಿಯಾಕತ್ತದ, ಎಲ್ಲಿ ಹೋಗತದೋ ತಿಳಿವಲ್ದು, ಅಂದ, ತಾನೇ ಮೊದಲು ಬಾಯಿಬಿಟ್ಟು ಹೇಳಿದ್ದೂ ಒಂದು ಚಾಲಾಕಿ ಇರಬಹುದು ಅಂತ ಆಗ ಹೊಳೆದಿರಲಿಲ್ಲ, ಆಗ ಅವನು ಅವಳಿಗೆ ಇನ್ನೂ ಗಡಿಗೆಪ್ಪಣ್ಣ. ನೀರು ಇಳಿದರೆ ಏನಾಯಿತು, ಬಾವಿಯಿಂದ ಇನ್ನೊಂದು ಕೊಡ ಸೇದಿ ಹಾಕು ಅಂದಳು, ಹಾಕಿದ, ಮರುದಿನ ಸಂಜೆಗೆ ಮತ್ತೆ ಇಳಿದಿತ್ತು, ಪೈಪು ಸೋರುತ್ತಿಲ್ಲ, ಪಂಪು ಸೋರುತ್ತಿಲ್ಲ, ಮುಚ್ಚಳದ ರಬ್ಬರು ಹೊಸದು ಹಾಕಿಸಿದ್ದಾಯಿತು, ಅವನೇ ಅವಳ ಅಡುಗೆಮನೆಯಿಂದ ಒಂದು ಹಿಡಿ ಅರಿಶಿನ ಕೇಳಿ ಇಸಿದುಕೊಂಡು ರೇಡಿಯೇಟರಿಗೆ ಕದಡಿ ಸುರಿದ, ಸೂಜಿಮೊನಿಯಷ್ಟು ತೂತಿದ್ರ ಅರಿಶಿನ ಹೋಗಿ ಅಲ್ಲಿ ಕುಂದರತದ ಯಕ್ಕಾ, ಎಲ್ಲಾ ಡ್ರೈವರ್‌ಗೋಳು ಮಾಡೋದ, ಅಂದ, ಅರಿಶಿನವೂ ಹೋಯಿತು, ನೀರೂ ಹೋಯಿತು. ಇದೇ ಅಮೀರ್ ಸಾಬ ಆಗ ಮನೆಗೆ ಬಂದು ಆಯಿಲ್ ನೋಡುವ ಕಡ್ಡಿ ಎಳೆದು ಬೆರಳಿಗೆ ಒರೆಸಿಕೊಂಡ, ಆಯಿಲ್‌ನಾಗ ನೀರು ಬೆರೆತಿದ್ರ ಮಜ್ಜಿಗಿ ಆಗತಿತ್ತು, ಇದು ಕರ್ರಗ ಚಲೋ ಅದ, ಅಲ್ಲಿಗೂ ಹೋಗಿಲ್ಲ, ಹೊರಗೂ ಸೋರಿಲ್ಲ, ಹೆಡ್ ಬಿಚ್ಚಿ ನೋಡಬೇಕು ಬೆಹನ್, ಅಂದ. ಬಿಚ್ಚುವುದೊಂದೇ ಗೊತ್ತು ಈ ಮೇಸ್ತ್ರಿಗಳಿಗೆ, ಕಾಲಿಗೆ ಮುಳ್ಳು ಚುಚ್ಚಿತು ಅಂದರೆ ತಲೆ ಬಿಚ್ಚುವ ಜಾತಿ, ಬಿಚ್ಚಿದ ಮೇಲೆ ಒಳಗಿನ ಹೊಸ ಸಾಮಾನು ತೆಗೆದು ಹಳೆಯದು ಹಾಕಿದರೆ ಹೆಂಗಸಿಗೆ ಏನು ತಿಳಿಯಬೇಕು. ಪಕ್ಕದಲ್ಲೇ ನಿಂತಿದ್ದ ಗಡಿಗೆಪ್ಪ, ಹೌದ್ರಿ ಯಕ್ಕಾ, ಮುಂಜಾನಿ ಚಾಲೂ ಮಾಡಿದ್ರ ಬಿಳೇ ಹೊಗಿ ಬರತದ, ತೆಗಿಸಿಬಿಡಮು, ಅಂದ, ಆ ಹೌದು ಅವಳಿಗೆ ಹಿಡಿಸಲಿಲ್ಲ, ಯಾರೂ ಕೇಳುವ ಮೊದಲೇ ಹೌದು ಅಂದುಬಿಟ್ಟ, ಇಬ್ಬರೂ ದಾರಿಯಲ್ಲಿ ಮಾತಾಡಿಕೊಂಡೇ ಬಂದವರ ಹಾಗೆ, ಬಿಳಿ ಹೊಗೆ ಅಂತೆ, ಚಳಿಗಾಲದಲ್ಲಿ ಮನುಷ್ಯರ ಬಾಯಿಂದಲೂ ಬಿಳಿ ಹೊಗೆ ಬರುತ್ತದೆ. ಸದ್ಯ ಬ್ಯಾಡ, ಅಂದುಬಿಟ್ಟಳು ಅವಳು, ಅಮೀರ್ ಸಾಬ ಹೆಗಲ ಮೇಲಿನ ವಸ್ತ್ರ ಝಾಡಿಸಿ, ನಿಮ್ಮ ಗಾಡಿ ನಿಮ್ಮ ಮರ್ಜಿ, ಎಂದು ಚಹಾ ಕುಡಿದು ಎದ್ದುಹೋದ.

ಒಳಗೂ ಹೋಗಿಲ್ಲ, ಹೊರಗೂ ಸೋರಿಲ್ಲ, ಹಾಗಾದರೆ ಯಾರೋ ಇಳಿಸುತ್ತಿದ್ದಾರೆ ದುಲ್ಹನ್, ಅಂತ ಮಹಮ್ಮದ್ ಹುಸೇನ್ ಹೇಳಿದ್ದು ಒಂದು ಶುಕ್ರವಾರ, ನಮಾಜು ಮುಗಿಸಿ ಬಂದು ಮಂಚದ ಮೇಲೆ ಕೂತು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ, ದಾರಿಯಲ್ಲಿ ಕುದಿಸಿ ಕುದಿಸಿ ಗಾಡಿ ಕೆಡಿಸುವುದು, ಕೆಟ್ಟ ಗಾಡಿಯನ್ನು ನೀನು ಕಟ್ಟಿಕೊಂಡು ಏನು ಮಾಡುತ್ತಿ, ಆಗ ಮಾನ್ವಿಯ ಮುದುಕಪ್ಪ ಸಾಹುಕಾರ ಗುಜರಿ ಅಂತ ಒಯ್ಯುವುದು, ರಿಪೇರಿ ಮಾಡಿಸಿ ತನ್ನ ರೈಸ್‌ಮಿಲ್ಲಿಗೆ ಇಟ್ಟುಕೊಳ್ಳುವುದು, ಡ್ರೈವರು ಮತ್ತೆ ಗಡಿಗೆಪ್ಪನೇ, ತಿಳಿಯಿತೇನು. ಮಹಮ್ಮದ್ ಹುಸೇನನಿಗೂ ಲಾರಿಯ ಮೇಲೆ ಕಣ್ಣಿದೆ, ಅದು ಗೊತ್ತಿಲ್ಲದವಳಲ್ಲ ಅವಳು, ತಮ್ಮ ಸತ್ತ ನಲವತ್ತನೆಯ ದಿನದ ಚಾಲೀಸ್ವಾದಲ್ಲೇ, ಊಟದ ಎಲೆ ಎತ್ತುವ ಮೊದಲೇ, ಹೆಣ್ಣುಮಗಳು ಲಾರಿ ನಡೆಸುವುದುಂಟೇನು, ನನ್ನ ಹೆಸರಿಗೆ ಮಾಡು, ಮನೆಯ ಸೊತ್ತು ಮನೆಯೊಳಗೇ ಇರುತ್ತದೆ, ಅಂದವನು, ಅಂದು ಗಡಿಗೆಪ್ಪನೇ ಬಾಗಿಲಲ್ಲಿ ನಿಂತು, ಗಾಡಿ ನಾ ನಡಸತೀನ್ರಿ, ಅಕ್ಕಾರು ಮನ್ಯಾಗ ಕುಂತು ಹೇಳಲಿ, ಅಂದದ್ದು, ಆ ಒಂದು ಮಾತಿನ ಮೇಲೆ ಈ ಸಂಸಾರ ನಿಂತಿತ್ತು. ಆದರೆ ಕಿವಿಗೆ ಬಿದ್ದ ಮಾತನ್ನು ಹೊರಗೆ ಹಾಕಲು ಬರುತ್ತದೆಯೇ, ಆ ಶುಕ್ರವಾರದಿಂದ ಎಲ್ಲವೂ ಬೇರೆಯಾಗಿ ಕಾಣಿಸಿತು, ಮಿಲ್ಲಿನ ಬಾಗಿಲಲ್ಲಿ ಸಾಹುಕಾರ ಅವನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದದ್ದು, ಅವಳು ರಿಕ್ಷಾದಿಂದ ಇಳಿದದ್ದನ್ನು ಕಂಡು ಇಬ್ಬರೂ ಸುಮ್ಮನಾದದ್ದು, ಗಾಡಿಯಲ್ಲಿ ವಲಿ ಪಾಷಾ ಬರೆಸಿದ ಏಳುನೂರ ಎಂಬತ್ತಾರರ ಅಂಕಿಯ ಪಕ್ಕ ಅಂಟಿಸಿದ ನೀರಮಾನ್ವಿ ಎಲ್ಲಮ್ಮನ ಪಟಕ್ಕೆ ಅವನು ಹೊಸ ಹೂವು ಹಾಕಿದ್ದು, ಯಾವ ಖುಷಿಗೆ ಹೂವು. ಗಡಿಗೆಪ್ಪಣ್ಣ ಅನ್ನುವುದನ್ನು ಬಿಟ್ಟಳು, ಬರೇ ಗಡಿಗೆಪ್ಪ ಅಂದಳು, ಅವನು ಒಂದು ಕ್ಷಣ ನಿಂತು ನೋಡಿದ, ಏನೂ ಕೇಳಲಿಲ್ಲ, ಕೇಳದ್ದೂ ಅವಳ ಲೆಕ್ಕಕ್ಕೆ ಸೇರಿತು.

ಸಂಶಯ ಅವಳಿಗೆ ತೌರಿನಿಂದ ಬಂದ ಬಳುವಳಿ, ತಾಯಿ ಮಹಬೂಬೀ ಎಮ್ಮೆ ಕಟ್ಟಿದವಳು, ಹಾಲು ಒಯ್ಯುವ ಆಳು ಕುಡಿದು ನೀರು ಬೆರೆಸುತ್ತಾನೆ ಅಂತ ತಂಬಿಗೆಯ ಒಳಗೆ ಸುಣ್ಣದ ಗೆರೆ ಎಳೆದು ಕಳಿಸುತ್ತಿದ್ದಳು, ಗೆರೆಗೆ ಸರಿಯಾಗಿ ಹಾಲಿದ್ದರೆ ಇವನು ಗೆರೆ ಅಳಿಸಿ ಮತ್ತೆ ಎಳೆದಿದ್ದಾನೆ ಅನ್ನುವಳು, ಅಂಥವಳ ಹೊಟ್ಟೆಯಲ್ಲಿ ಹುಟ್ಟಿ ಇನ್ನು ಹೇಗಿರುವುದು. ವಲಿ ಪಾಷಾನನ್ನೂ ಬಿಟ್ಟವಳಲ್ಲ, ನೀರಮಾನ್ವಿ ಕಡೆ ಹೋದ ದಿನ ಯಾಕೆ ತಡ, ಅಂಗಿಗೆ ಯಾವ ವಾಸನೆ, ಊದುಬತ್ತಿ ವಾಸನೆ ಹೆಂಗಸಿನ ಮನೆಯದೋ ಗುಡಿಯದೋ, ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಗಡಿಗೆಪ್ಪನ ಜೊತೆಗೆ ಎಲ್ಲಮ್ಮನ ಗುಡಿಯ ಕಟ್ಟೆ ಮೇಲೆ ಮಲಗಿದ್ದೆ, ಅವನನ್ನೇ ಕೇಳು, ಅನ್ನುತ್ತಿದ್ದ, ಅವಳು ಕೇಳುತ್ತಿದ್ದಳು, ಗಡಿಗೆಪ್ಪ ಹೌದು ಅಂದರೆ ಸಾಕು ನಂಬುತ್ತಿದ್ದಳು, ಗಂಡನನ್ನು ನಂಬದವಳು ಗಂಡನ ಡ್ರೈವರನ್ನು ನಂಬುತ್ತಿದ್ದಳು — ಅದೆಲ್ಲ ಹೋಯಿತು, ಯಾವಾಗ ಹೋಯಿತು. ಮೊಹರಂ ಬಂತೆಂದರೆ ಗಡಿಗೆಪ್ಪ ಗಬ್ಬೂರಿನಲ್ಲಿ ಪೀರಲದೇವರ ಫಕೀರನಾಗುತ್ತಿದ್ದ, ಅವನಪ್ಪನ ಕಾಲದ ಹರಕೆ, ಕೆಂಪು ಹಸಿರು ನೂಲು ಹೊಸೆದ ಲಾಡಿ ಕೊರಳಿಗೆ ಹಾಕಿಕೊಂಡು ಹಬ್ಬ ಮುಗಿಯುವ ತನಕ ಚಪ್ಪಲಿ ಮೆಟ್ಟುತ್ತಿರಲಿಲ್ಲ, ರಾಯಚೂರಿನವರೆಗೆ ಬಂದು ಇವರ ಬಾಗಿಲಲ್ಲೂ ಭಿಕ್ಷೆ ಬೇಡುತ್ತಿದ್ದ, ಅವಳೇ ಬೊಗಸೆ ತುಂಬ ಸಕ್ಕರೆ ಹಾಕುತ್ತಿದ್ದಳು, ಒಂದು ವರ್ಷ ಅವನ ಲಾಡಿ ಬಂಡಿಯ ಗೂಟಕ್ಕೆ ಸಿಕ್ಕಿಕೊಂಡಿತಂತೆ, ಜಗ್ಗಿದರೆ ಹರಿಯುತ್ತದೆ ಅಂತ ಬಿಸಿಲಲ್ಲಿ ಬಗ್ಗಿಕೊಂಡೇ ನಿಂತನಂತೆ, ಪೀರಲದೇವರ ಪೂಜೆಯ ಮುಜಾವರ ಬಂದು ಬಿಡಿಸಿದ ಮೇಲೆ ಸೊಂಟ ನೆಟ್ಟಗಾಗಲಿಲ್ಲವಂತೆ, ವಲಿ ಪಾಷಾ ಅದನ್ನು ಹೇಳಿ ಹೇಳಿ ನಗುತ್ತಿದ್ದ, ನಾವು ಹುಟ್ಟಿನಿಂದ ಮುಸಲ್ಮಾನರು, ಅವನು ಮೊಹರಮ್ಮಿನಿಂದ ಮುಸಲ್ಮಾನ, ಅನ್ನುತ್ತಿದ್ದ.

ವಲಿ ಪಾಷಾನ ಲಾಡಿ ಸಿಕ್ಕಿದ್ದು ಟ್ರಂಕಿನ ತಳದಲ್ಲಿ, ಅವನು ಕಾಯಿಲೆ ಬಿದ್ದ ವರ್ಷ ಮೊಹರಮ್ಮಿನ ಬೆಂಕಿಯ ಅಲಾಯಿ ಕುಣಿಯ ಬಳಿ ಮುದುಕಿಯೊಬ್ಬಳು ಹೊಸೆದು ಕೊಟ್ಟದ್ದು, ಕೆಂಪು ಹಸಿರಿನ ನಡುವೆ ಬಿಳಿಯ ಒಂದೆಳೆ, ಅಂಥದ್ದು ಬೇರೆಲ್ಲೂ ಇಲ್ಲ, ಅದನ್ನು ನೋಡಿದಾಕ್ಷಣ ಅವಳಿಗೆ ತಾಯಿಯ ಸುಣ್ಣದ ಗೆರೆ ನೆನಪಾಯಿತು. ಬರೇ ಸುತಳಿ ಕಟ್ಟಿದರೆ ಕತ್ತರಿಸಿ ಇನ್ನೊಂದು ಕಟ್ಟಿಬಿಡುತ್ತಾನೆ, ಇದನ್ನು ಎಲ್ಲಿಂದ ತರುತ್ತಾನೆ, ರೇಡಿಯೇಟರಿನ ಮುಚ್ಚಳದ ಕಿವಿಗಳಿಗೆ ಸುತ್ತಿ ಕುತ್ತಿಗೆಗೆ ಬಿಗಿದು ಗಂಟಿನ ಮೇಲೆ ಗಂಟು ಹಾಕಿದಳು, ಸಾಲದು ಅಂತ ಕಣ್ಣಿಗೆ ಹಚ್ಚುವ ಸುರ್ಮಾವನ್ನು ಎಣ್ಣೆಯಲ್ಲಿ ಕಲಸಿ ಗಂಟಿಗೆ ಮೆತ್ತಿದಳು, ಬೆರಳು ತಾಗಿದರೆ ಗುರುತು ಬೀಳಬೇಕು. ಬೆಳಿಗ್ಗೆ ಗಡಿಗೆಪ್ಪ ಬಂದು ಬಾನೆಟ್ ಎತ್ತಿದವನು ಹಾವು ಕಂಡವನ ಹಾಗೆ ನಿಂತ, ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದ, ದೂರದಿಂದಲೇ ಕೈಮುಗಿದ, ಯಕ್ಕಾ, ಲಾಡಿ ಕಟ್ಟೀರೇನು, ಅಂದ, ಹೂಂ ಅಂದಳು, ಎಂದ ಬಿಚ್ಚೋದ್ರಿ, ಅಂದ, ಆಹಾ, ಎಂದು ಬಿಚ್ಚುವುದು ಅಂತ ಕೇಳುತ್ತಾನೆ, ನಾಟಕ ನೋಡು, ಸಿಕ್ಕಿಬಿದ್ದ ಅಂತ ಒಳಗೇ ನಗು ಬಂತು ಅವಳಿಗೆ, ನಾನ ಬಿಚ್ಚತೀನಿ, ನಾ ಬಿಚ್ಚೋ ತನಾ ಅದನ್ನ ಯಾರೂ ಮುಟ್ಟಬಾರದು, ಅಂದಳು ಗಟ್ಟಿಯಾಗಿ, ಆತ್ರಿ ಯಕ್ಕಾ, ಕಟ್ಟಿದವರ ಬಿಚ್ಚಬೇಕು, ಅಂದ ಅವನು, ತಲೆ ತಗ್ಗಿಸಿ ಅಂದ. ಸಂಜೆ ಬಂದ, ಗಂಟು ಗಂಟಿನಂತೆಯೇ ಇತ್ತು, ಸುರ್ಮಾ ಸುರ್ಮಾದಂತೆಯೇ ಇತ್ತು, ಬಿಚ್ಚಿ ನೋಡಿದರೆ ನೀರು ಒಂದು ಗೇಣು ಕೆಳಗೆ. ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಗಡಿಗೆಪ್ಪಣ್ಣ ಅಂದುಬಿಡುತ್ತಿದ್ದರೇನೋ, ಅವಳು ಮಹಬೂಬೀಯ ಮಗಳು, ಮೇಲಿನಿಂದ ಅಲ್ಲದಿದ್ದರೆ ಕೆಳಗಿನ ನಲ್ಲಿಯಿಂದ ಇಳಿಸುತ್ತಾನೆ ಅಂದುಕೊಂಡು ಮರುದಿನ ಆ ನಲ್ಲಿಗೆ ಗೋಧಿ ಹಿಟ್ಟಿನ ಮುದ್ದೆ ಮೆತ್ತಿ ಕಳಿಸಿದಳು, ಸಂಜೆಗೆ ಅದು ಇಂಜಿನ್ನಿನ ಕಾವಿಗೆ ಬೆಂದು ರೊಟ್ಟಿಯಾಗಿತ್ತು, ಎಲ್ಲೂ ಬಿರಿದಿರಲಿಲ್ಲ, ನೀರು ಮಾತ್ರ ಇಳಿದಿತ್ತು. ದಿನಾ ಸಂಜೆ ಬಿಚ್ಚುವುದು, ತಾನೇ ನಿಂತು ಕೊಡ ಕೊಡ ನೀರು ಹಾಕುವುದು, ದಿನಾ ಮತ್ತೆ ಕಟ್ಟುವುದು, ಮಾನ್ವಿಗೆ ಹೋಗಿಬರುವಷ್ಟಕ್ಕೆ ಆ ನೀರು ಹೇಗೋ ಸಾಕಾಗುತ್ತಿತ್ತು, ಗಡಿಗೆಪ್ಪ ಅವಳು ಬಿಚ್ಚುವ ತನಕ ದೂರ ನಿಂತಿರುತ್ತಿದ್ದ, ಮತ್ತೆ ಅಂದಿನಿಂದ ಅವನು ಚಪ್ಪಲಿಯನ್ನೇ ಹಾಕಲಿಲ್ಲ, ಬರಿಗಾಲಲ್ಲೇ ಬರುತ್ತಿದ್ದ, ಬರಿಗಾಲಲ್ಲೇ ಗಾಡಿ ನಡೆಸುತ್ತಿದ್ದ, ಸಪ್ಪಳ ಕೇಳಬಾರದು ಅಂತ ಇರಬೇಕು, ಯಾವ ಹೊತ್ತಿನಲ್ಲಿ ಗಾಡಿಯ ಹತ್ತಿರ ಹೋದ ಅಂತ ತಿಳಿಯಬಾರದು ಅಂತ.

ಈಗಲೂ ಬರಿಗಾಲು, ಬೇವಿನ ನೆರಳಿನಲ್ಲಿ ಹಿಮ್ಮಡಿ ಸೀಳಿದ ಎರಡು ಪಾದಗಳು, ಕೈಗೆ ಏನೋ ಬಟ್ಟೆ ಸುತ್ತಿಕೊಂಡಿದ್ದಾನೆ, ನಿನ್ನೆ ಅದು ಕಣ್ಣಿಗೆ ಬಿದ್ದಿರಲಿಲ್ಲ, ಸುಟ್ಟುಕೊಂಡನೇ, ಎಲ್ಲಿ ಸುಟ್ಟುಕೊಂಡ, ಕುದಿಯುವ ಮುಚ್ಚಳಕ್ಕೆ ಕೈ ಹಾಕಿರಬೇಕು — ಹಾಕಿದ್ದರೆ ಲಾಡಿ, ಇಲ್ಲ, ಲಾಡಿ ಇದೆ, ಅಗೋ, ಅಮೀರ್ ಸಾಬ ಪೈಪು ಬಿಡಿಸಿ ರೇಡಿಯೇಟರನ್ನು ಇಡಿಯಾಗಿ ಎತ್ತಿ ಗೋಡೆಗೆ ಒರಗಿಸಿದ್ದಾನೆ, ಮುಚ್ಚಳದ ಮೇಲೆ ಲಾಡಿ ಹಾಗೇ ಇದೆ, ಅಮೀರ್ ಸಾಬನೂ ಅದಕ್ಕೆ ಕೈ ಹಚ್ಚಲಿಲ್ಲ, ಯಾಕೆ ಹಚ್ಚಲಿಲ್ಲ. ನಿನ್ನೆ ದೇವದುರ್ಗದ ಬಾಡಿಗೆ, ಶೇಂಗಾ ಚೀಲ, ಹೊತ್ತು ಏರುವುದರೊಳಗೆ ಗಂಜಿಗೆ ಬರಬೇಕು, ತಡವಾದರೆ ಯಾಕ ತಡ ಆತು ಅಂತ ನಾನು ಕೇಳೇ ಕೇಳತೀನಿ, ಅಂತ ಅವಳೇ ಹೇಳಿ ಕಳಿಸಿದ್ದಳು, ಅಷ್ಟು ದೂರದ ಬಾಡಿಗೆ ಹಿಡಿಯಬ್ಯಾಡ್ರಿ ಯಕ್ಕಾ, ಹೆಡ್ ಮೊದಲ ತೆಗಿಸಮು, ಅಂತ ಅವನು ಅಂದದ್ದು ಅವಳಿಗೆ ಕೇಳಿಸಿದ್ದು ಬೇರೆಯೇ ಅರ್ಥದಲ್ಲಿ, ದೂರದ ಬಾಡಿಗೆ ಹಿಡಿದರೆ ಮುದುಕಪ್ಪನ ಭತ್ತ ಯಾರು ಹೊರಬೇಕು ಅಂತ ಇವನ ಚಿಂತೆ. ಗಂಜಿನ ಗೇಟಿನಲ್ಲಿ ಕಾದಳು, ಬಿಸಿಲು ನೆತ್ತಿಗೆ ಬಂತು, ಹರಾಜಿನ ಸವಾಲು ಕೂಗಿ ಮುಗಿಯಿತು, ಬೇರೆಯವರ ಚೀಲಗಳೆಲ್ಲ ತೂಕವಾಗಿ ಹೋದವು, ಆಮೇಲೆ ಯಾರದೋ ಲಾರಿಗೆ ಹಗ್ಗ ಬಿಗಿದು ಎಳೆಸಿಕೊಂಡು ಅವಳ ಲಾರಿ ಬಂತು, ಇಂಜಿನ್ ಬಿಗಿದು ನಿಂತ ಲಾರಿ, ಮೂತಿಯಿಂದ ಸುಟ್ಟ ವಾಸನೆ, ಸ್ಟೀರಿಂಗಿನ ಹಿಂದೆ ಇವನು ಸತ್ತವರ ಮನೆಯಿಂದ ಬಂದವನ ಹಾಗೆ. ಏನಾಯಿತು ಅಂತ ಕೇಳಬಹುದಾಗಿತ್ತು, ನೀರು ಏನು ಮಾಡಿದಿ, ಅಂತ ಕೇಳಿದಳು, ಎಲ್ಲರೆದುರಿಗೆ, ಹಮಾಲರ ಎದುರಿಗೆ, ನೀರು ಏನು ಮಾಡಿದಿ ಗಡಿಗೆಪ್ಪಾ. ಅವನು ತಲೆ ತಗ್ಗಿಸಿಕೊಂಡು ಲಾರಿಯ ಆಚೆ ಬದಿಗೆ ಇಳಿದ.

ಏಳ್ರಿ ಬೆಹನ್, ಬಂದು ನೋಡ್ರಿ, ಅಂದ ಅಮೀರ್ ಸಾಬ. ಹೆಡ್ ಹೊರಗೆ ಬಂದಿದೆ, ಗೋಣಿಯ ಮೇಲೆ ಬೋರಲಾಗಿ ಬಿದ್ದಿದೆ, ಕುರ್ಚಿಯಿಂದ ಎದ್ದಳು, ಏನೂ ಇರಬಾರದು ಅನ್ನಬೇಕೋ ಇರಬೇಕು ಅನ್ನಬೇಕೋ, ಏನೂ ಇಲ್ಲದಿದ್ದರೆ ಇವನು ಕಳ್ಳ, ಇದ್ದರೆ — ಇದ್ದರೆ ಏನು ಅಂತ ಅವಳು ಇಷ್ಟು ದಿನ ಯೋಚಿಸಿಯೇ ಇರಲಿಲ್ಲ. ಬಾನೆಟ್ಟಿನ ಒಳಗೆ ಬಗ್ಗಿದಳು, ಪಿಸ್ಟನ್‌ಗಳ ತಲೆ ಸಾಲಾಗಿ ಕಾಣುತ್ತವೆ, ಎಲ್ಲವೂ ಮಸಿ ಹಿಡಿದು ಅನ್ನದ ಗಡಿಗೆಯ ತಳದ ಹಾಗೆ ಕಪ್ಪು, ಕೊನೆಯದೊಂದು ಮಾತ್ರ ಹುಣಸೆಹಣ್ಣು ಹಚ್ಚಿ ತಿಕ್ಕಿದಂತೆ ಹೊಳೆಯುತ್ತದೆ.
ಇದು ಯಾಕ ಬೆಳ್ಳಗದ ಗೊತ್ತೇನು, ಅಂದ ಅಮೀರ್ ಸಾಬ, ತಿಂಗಳಾನುಗಟ್ಟಲೆ ಉಗಿ ತೊಳದದ ಇದನ್ನ, ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಇಲ್ಲಿ ನೋಡ್ರಿ, ನೀರಿನ ತೂತಿನಿಂದ ಪಿಸ್ಟನ್ ತನಾ ಸುಟ್ಟು ದಾರಿ ಬಿದ್ದದ, ನೀರು ಒಳಗ ಹೋಗಿ ಉಗಿಯಾಗಿ ಹೊಗಿ ಪೈಪಿನಾಗಿಂದ ಹಾರಿಹೋಗತಿತ್ತು, ನೆಲಕ್ಕ ಎಲ್ಲಿಂದ ಬೀಳಬೇಕು, ಆಯಿಲ್‌ಗೆ ಎಲ್ಲಿಂದ ಬರಬೇಕು, ಇಂಜಿನ್ನೇ ಕುಡಿಯಾಕತ್ತಿತ್ತು ಬೆಹನ್, ಕಳ್ಳ ಒಳಗೇ ಇದ್ದ. ಬಿಳಿ ಹೊಗೆ, ಅಂದುಕೊಂಡಳು, ಮುಂಜಾನಿ ಚಾಲೂ ಮಾಡಿದ್ರ ಬಿಳೇ ಹೊಗಿ ಬರತದ, ಅವನು ಹೇಳಿದ್ದ, ಅವಳು ಅಂಗಳದಲ್ಲಿ ನಿಂತು ದಿನಾ ನೋಡಿದ್ದಳು, ಅವಳ ನೀರು ಅವಳ ಕಣ್ಣೆದುರಿಗೇ ಮೇಲೆ ಹೋಗುತ್ತಿತ್ತು, ಅವಳು ಕೆಳಗೆ ಬಗ್ಗಿ ಹುಡುಕುತ್ತಿದ್ದಳು. ಗ್ಯಾಸ್ಕೆಟ್ ಒಂದ ಆಗಿದ್ರ ಚಿಂತಿ ಇರಲಿಲ್ಲ, ಹಾಕಿ ಕಳಸತಿದ್ದೆ, ಅಂತ ಅಮೀರ್ ಸಾಬ ಹೇಳುತ್ತಲೇ ಇದ್ದಾನೆ, ನಿನ್ನೆ ನೀರಿಲ್ಲದ ಓಡಿ ಹೆಡ್ ಸೀಳ್ಯದ, ಪಿಸ್ಟನ್ ಹಿಡಕೊಂಡಾವ, ಈ ಇಂಜಿನ್ ಇನ್ನ ಎದ್ದು ಓಡೂದು ಕಷ್ಟ. ಕಷ್ಟ ಅನ್ನುವ ಮಾತು ಕಿವಿಯಲ್ಲಿ ನಿಂತಿತು, ಇಂಜಿನ್ ಇಲ್ಲದ ಲಾರಿ ಅಂದರೆ ಮಹಮ್ಮದ್ ಹುಸೇನನ ಕೈಗೆ ಹೋಗುವ ಲಾರಿ, ಮಧ್ಯಾಹ್ನಕ್ಕೆ ಬರುತ್ತಾನೆ, ಇನ್ನು ಅವನು ಹೇಳಿದಂತೆಯೇ, ಆದರೆ ತಡಿ, ತಡಿ, ಮನಸ್ಸು ಅಲ್ಲಿಯೂ ಒಂದು ಬಾಗಿಲು ಹುಡುಕಿಕೊಂಡಿತು, ನೀರು ಇವನು ಇಳಿಸಲಿಲ್ಲ, ಆಯಿತು, ನಿನ್ನೆ ಇಂಜಿನ್ನಿನ ಕಾವು ತೋರಿಸುವ ಮುಳ್ಳು ಕೆಂಪಿಗೆ ಬಂದಾಗ ನಿಲ್ಲಿಸಿ ನೀರು ಯಾಕೆ ಹಾಕಲಿಲ್ಲ, ದಾರಿಯಲ್ಲಿ ಇವನದೇ ಊರು, ಊರ ತುಂಬ ಬಾವಿ, ಬೇಕೆಂದೇ ಕೆಡಿಸಿದ, ಅಂತೂ ಕೆಡಿಸಿದ, ಎಲ್ಲಿ ಹೋದೀತು, ಒಂದಾದರೂ ನಿಜವಾಗಿಯೇ ಇರಬೇಕಲ್ಲ.

ಅದನ್ನೇ ಅಮೀರ್ ಸಾಬ ಕೇಳಿದ, ಅವಳ ಬಾಯಿಂದ ತೆಗೆದುಕೊಂಡವನ ಹಾಗೆ, ಏ ಗಡಿಗೆಪ್ಪಾ, ಇಲ್ಲಿ ಬಾ, ಇಷ್ಟು ವರ್ಷ ಗಾಡಿ ಹೊಡದೀ, ಕುದಿಯೋದು ಕಾಣಲಿಲ್ಲೇನು, ಮುಚ್ಚಳ ತೆಗೆದು ನಾಕು ಕೊಡ ನೀರು ಹಾಕೂದು ಬ್ಯಾಡೇನು. ಗಡಿಗೆಪ್ಪ ಎದ್ದು ಬಂದ, ಬಿಸಿಲಿಗೆ ಕಾದ ನೆಲದ ಮೇಲೆ ಬರಿಗಾಲಲ್ಲಿ ಬಂದು ನಿಂತ, ಕಂಡಿತ್ತು ಸಾಬ್, ಯಾಕ ಕಾಣಂಗಿಲ್ಲ, ಗಬ್ಬೂರ ದಾಟೋದ್ರಾಗ ಮುಳ್ಳು ಕೆಂಪಿಗಿ ಬಂದಿತ್ತು, ನಿಲ್ಲಿಸಿದೆ, ನಮ್ಮಾಕಿ ಬಸವಂತಮ್ಮ ಕೊಡ ತುಂಬಿ ತಂದು ನಿಂತಿದ್ಲು, ಓಣಿ ಮಂದಿ ಎಲ್ಲಾ ಕೊಡ ತಂದಿದ್ರು, ಆದ್ರ ಹಾಕಾಕ ದಾರಿ ಇರಲಿಲ್ಲ. ದಾರಿ ಇರಲಿಲ್ಲ ಅಂದ್ರ ಏನು, ಅಂದ ಅಮೀರ್ ಸಾಬ. ಲಾಡಿ ಇತ್ತಲ್ರಿ, ಅಂದ ಗಡಿಗೆಪ್ಪ, ಅಕ್ಕಾರು ವಲಿ ಪಾಷಾ ಅಣ್ಣನ ಹೆಸರಿಲೆ ಹರಕಿ ಕಟ್ಟ್ಯಾರ, ಗಾಡಿ ಉಳೀಲಿ ಅಂತ, ಅಣ್ಣನ ಲಾಡಿನ ಅದು, ನನಗ ಗುರ್ತು ಹತ್ತತದ, ಬಿಳೇ ಎಳಿ ಐತಿ, ನಾ ಬಿಚ್ಚೋ ತನಾ ಯಾರೂ ಮುಟ್ಟಬಾರದು ಅಂದಾರ, ಪೀರಲದೇವರ ಲಾಡಿ ನಾ ಹೆಂಗ ಹರೀಲಿ ಸಾಬ್, ನಾನೂ ಫಕೀರ ಆದವ, ಯಾರನ್ನರ ಬಸ್ಸಿಗಿ ಕಳಸಿ ಅಕ್ಕಾರನ್ನ ಕರಸಮು ಅಂದ್ರ ಬಸ್ ಹೋಗಿತ್ತು, ತಡ ಆದ್ರ ಅವರು ಕೇಳತಾರ, ಗೋಣಿಚೀಲ ತೋಯಿಸಿ ತೋಯಿಸಿ ರೇಡಿಯೇಟರ್ ಮ್ಯಾಲೆ ಹೊಚ್ಚಿದೆ, ಕೈ ಸುಟ್ತು, ಆರೋ ತನಾ ನಿಲ್ಲೋದು, ಅಷ್ಟು ದೂರ ಬರೋದು, ಮತ್ತ ನಿಲ್ಲೋದು, ಪೀರಾ, ಮನಿ ತನಾ ಮುಟ್ಟಿಸು ಅಂತ ಬಂದೆ, ಊರ ಬಾಗಿಲಿಗೆ ಬಂದು ನಿಂತುಬಿಡ್ತು. ಅವನು ಅವಳ ಕಡೆ ತಿರುಗಿದ, ಬೆಳಗಿನಿಂದ ಮೊದಲ ಸಲ, ಕಣ್ಣು ತುಂಬಿವೆ, ಮುಖ ತಪ್ಪಿಸಿದ್ದು ಇದಕ್ಕೆ, ನನ್ನ ಕೈಯಾಗ ಅಣ್ಣನ ಗಾಡಿ ಹೋತು ಯಕ್ಕಾ, ನಿಮ್ಮ ಹರಕಿ ನನ್ನಿಂದ ಉಳೀಲಿಲ್ಲ, ಅಂದ.

ಹರಕೆ ಅಲ್ಲ ಅನ್ನಬೇಕು, ಈಗ ಅನ್ನಬೇಕು, ಹರಕೆ ಅಲ್ಲ ಗಡಿಗೆಪ್ಪಣ್ಣ, ನಿನ್ನನ್ನು ಹಿಡಿಯಲಿಕ್ಕೆ ಕಟ್ಟಿದ್ದು, ನಿನ್ನ ಬೆರಳು ಹಿಡಿಯಲಿಕ್ಕೆ, ಆದರೆ ಕಣ್ಣ ಮುಂದೆ ಬಸವಂತಮ್ಮ ಕೊಡ ಹೊತ್ತು ನಿಂತಿದ್ದಾಳೆ, ಓಣಿಯವರೆಲ್ಲ ಕೊಡ ಹೊತ್ತು ನಿಂತಿದ್ದಾರೆ, ಬಿಸಿಲಲ್ಲಿ, ನೀರು ತುಳುಕುತ್ತಿದೆ, ಯಾರೂ ಮುಟ್ಟುತ್ತಿಲ್ಲ, ಚಪ್ಪಲಿ ಬಿಟ್ಟದ್ದು ಅದಕ್ಕೇ, ತಿಂಗಳಾನುಗಟ್ಟಲೆ ಬರಿಗಾಲಲ್ಲಿ ಗಾಡಿ ಹೊಡೆದದ್ದು ಅದಕ್ಕೇ, ಎಂದ ಬಿಚ್ಚೋದ್ರಿ ಅಂತ ಕೇಳಿದ್ದೂ ಅದಕ್ಕೇ, ಅವಳು ಒಳಗೇ ನಕ್ಕಿದ್ದಳು, ಮಿಲ್ಲಿನ ಬಾಗಿಲಲ್ಲಿ ಮುದುಕಪ್ಪ ಏನು ಹೇಳುತ್ತಿದ್ದ, ಭತ್ತದ ಮಾತೇ ಇರಬಹುದು, ಲಾರಿಯ ಮಾತೇ ಇರಬಹುದು, ಈಗ ಕೇಳಿದರೆ ಗಡಿಗೆಪ್ಪ ಹೇಳಿಬಿಡುತ್ತಾನೆ, ಇಷ್ಟು ದಿನ ಕೇಳಿದ್ದರೂ ಹೇಳುತ್ತಿದ್ದ, ಅವಳು ಕೇಳಲೇ ಇಲ್ಲ, ಗಂಟು ಕಟ್ಟಿದಳು. ಈಗರ ಬಿಚ್ಚಿಬಿಡ್ರಿ ಯಕ್ಕಾ, ಹಿಂಗ ಬಿಡಬಾರದು, ನೆಲದ ಮ್ಯಾಲೆ ಇಡಬಾರದು ಅದನ್ನ, ಅಂದ ಗಡಿಗೆಪ್ಪ, ಸುಟ್ಟ ಕೈಯನ್ನು ಎದೆಗೆ ಹಿಡಿದುಕೊಂಡು ಹಿಂದೆ ಸರಿದು ಅವಳಿಗೆ ದಾರಿ ಬಿಟ್ಟ, ಅಮೀರ್ ಸಾಬನೂ ಸರಿದ, ಹೊರಗೆ ರಸ್ತೆಯಲ್ಲಿ ರಿಕ್ಷಾ ನಿಂತ ಸದ್ದು, ಮಹಮ್ಮದ್ ಹುಸೇನನ ಕೆಮ್ಮು, ಬರಲಿ, ಅವಳು ರೇಡಿಯೇಟರಿನ ಮುಂದೆ ಕುಕ್ಕರಿಸಿದಳು. ಲಾಡಿ ಉಗಿಗೆ ಬೆಂದು ಬಿರುಸಾಗಿದೆ, ಕೆಂಪು ಇದೆ, ಹಸಿರು ಇದೆ, ಬಿಳಿಯ ಎಳೆ ಮಾತ್ರ ತುಕ್ಕಿನ ಬಣ್ಣಕ್ಕೆ ತಿರುಗಿದೆ, ಗಂಟು ಅವಳದೇ, ಗಂಟಿನ ಮೇಲೆ ಗಂಟು, ಉಗುರು ಹಾಕಿದಳು, ಬಿಡಲಿಲ್ಲ, ಮತ್ತೆ ಹಾಕಿದಳು, ಕಣ್ಣು ಮಂಜಾಗಿ ಹತ್ತಿರ ಬಗ್ಗಿದಳು, ಗಂಟಿನ ಮೇಲೆ ಸುರ್ಮಾ, ಮೊನ್ನೆ ಸಂಜೆ ಅವಳೇ ಮೆತ್ತಿದ ಸುರ್ಮಾ, ಒಣಗಿ ಬಿರಿದ ಸುರ್ಮಾ, ಅದರ ಮೇಲೆ ಬೆರಳಿನ ಗುರುತು ಒಂದು, ಅವಳದೇ, ಬೇರೆ ಯಾರದೂ ಇಲ್ಲ, ಗಂಟು, ಸುರ್ಮಾ, ಬೇರೆ ಯಾರ ಬೆರಳೂ ತಾಗದ ಸುರ್ಮಾ